ಕಾಲುಚೀಲ ಒಣಹಾಕುವ ಮೆಲೆರಿ

ವೇಲ್ಸಿನ ನಮ್ಮ ಈ ಕಣಿವೆಯಲ್ಲಿ ಕುರಿ ಸಾಕುತ್ತ, ಬೆಟ್ಟ ಹತ್ತಲು ಬಂದವರಿಗೆ ಕೋಣೆ ಬಾಡಿಗೆಗೆ ಕೊಡುವ ಮನೆಗಳ ಹೆಂಗಸರೆಲ್ಲ ಒಂದೇ ಅಚ್ಚು. ನೆರೆಮನೆಯ ಮೆಲೆರಿಯನ್ನು ನೋಡಿದರೆ ಎಲ್ಲರನ್ನೂ ನೋಡಿದಂತೆ. ಸಂಜೆ ಅತಿಥಿಗಳು ಬೂಟು ಬಿಚ್ಚುತ್ತಿದ್ದಂತೆ ಅವರ ಒದ್ದೆ ಕಾಲುಚೀಲ ಹಿಂಡಿ, "ಕರೀ ಕೆಸರು! ಮೇಲಿನ ಸರೋವರಕ್ಕೆ ಹೋಗಿದ್ರಿ," ಎನ್ನುತ್ತಾಳೆ. ಪಾಚಿ ಅಂಟಿದ್ದರೆ ಜಲಪಾತ. ಇಡೀ ಬೆಟ್ಟವನ್ನು ಒಗೆದು ಒಲೆಯ ಮೇಲಿನ ಹಗ್ಗಕ್ಕೆ ಒಣಹಾಕಿದವಳು, ಮದುವೆಯಾಗಿ ಬಂದ ಮೇಲೆ ಹಿತ್ತಲ ಗೇಟು ದಾಟಿ ಹತ್ತಿದವಳಲ್ಲ. ಉಣ್ಣೆ ಕತ್ತರಿಸಲು ಕುರಿ ಇಳಿಸುವ ದಿನ ಕುರಿ ತಪ್ಪಿಸಿಕೊಳ್ಳದಂತೆ ಊರ ಗಂಡಸರೆಲ್ಲ ಬೆಟ್ಟದ ಮೇಲೆ ಸಾಲುಗಟ್ಟಿ ನಿಂತರೆ, ಅಷ್ಟೂ ಜನಕ್ಕೆ ಮಾಂಸದ ಸಾರು ಬೇಯಿಸುವವಳು ಅವಳೇ. ಈ ಬೇಸಿಗೆಯಲ್ಲಿ ಒಬ್ಬನ ಕಾಲು ಉಳುಕಿ ಸಾಲಿನಲ್ಲಿ ಜಾಗ ಖಾಲಿಯಾಯಿತು. "ಸರೋವರದ ದಂಡೇಲಿ ಸುಮ್ನೆ ನಿಂತ್ಕೊ. ಕುರಿ ಬಂದ್ರೆ ಕೈ ಬೀಸಿ ತಡಿ, ಅಷ್ಟೆ," ಎಂದ ಗಂಡ ಇದ್ವಾಲ್. ಬೆಳಗಾಗುವ ಮುಂಚೆಯೇ ಸಾರು ಬೇಯಿಸಿಟ್ಟು ಹೊರಟಳು. ಮೇಲೆ ಮಂಜು ಸರಿಯಿತು. ಆಚೆ ಕರಿಬಂಡೆಯ ಮೇಲಿಂದ, ಯಾರೂ ಮಡಚಿಡಬೇಕಿಲ್ಲದ ಬಿಳಿಬಟ್ಟೆಯಂತೆ, ನೀರು ಬೀಳುತ್ತಲೇ ಇತ್ತು. ಈಚೆ ಸರೋವರ ಬೆಟ್ಟಗಳನ್ನೆಲ್ಲ ತಲೆಕೆಳಗಾಗಿ ಮಡಿಲಲ್ಲಿಟ್ಟುಕೊಂಡಿತ್ತು. ಮೆಲೆರಿಯ ಕೈ ಮೇಲೇಳಲಿಲ್ಲ. ಕುರಿಗಳು ಅವಳ ಕಾಲಿಗೇ ಉಜ್ಜಿಕೊಂಡು ಮತ್ತೆ ಬೆಟ್ಟಕ್ಕೆ ಓಡಿದವು. "ಕಣ್ಣು ಎಲ್ಲಿತ್ತೇ ನಿಂಗೆ? ನಾಳೆ ಎಲ್ರೂ ಮತ್ತೆ ಹತ್ಬೇಕಲ್ಲ!" ಎಂದು ಇದ್ವಾಲ್ ಕೂಗಿದ. ಅವಳು ನೀರಿನಿಂದ ಕಣ್ಣು ತೆಗೆಯದೆಯೇ ಹೇಳಿದಳು: "ಹತ್ತೋಣ. ನಾಳೇನೂ ನಾನಿಲ್ಲೇ ನಿಲ್ತೀನಿ. ಸಾರು ನೀನು ಮಾಡು."