ಕೆಂಚನ ಹಲ್ಲಿಗೆ ದೋಣಿಯ ಅರ

ಎಪ್ಪತ್ತರ ದಶಕದಲ್ಲಿ ತೆಂಗಿನಗುಂಡಿಯಿಂದ ಭಟ್ಕಳ ಪೇಟೆಗೆ ಹೆಂಗಸರೆಲ್ಲ ಮೀನುಬುಟ್ಟಿ ತಲೆಮೇಲೆ ಹೊತ್ತು ಓಡುತ್ತಿದ್ದರೆ, ತಿಮ್ಮಿ ಮಾತ್ರ ಕುದುರೆಗಾಡಿಯಲ್ಲಿ ಲಗಾಮು ಹಿಡಿದು ಕೂತು ಹೋಗುತ್ತಿದ್ದಳು. ಏನು ಗತ್ತು ಅಂತೀರಿ! ಕುದುರೆಯ ಹೆಸರು ಕೆಂಚ. ಒಣಹುಲ್ಲು ಅವನಿಗೆ ತಕ್ಕುದಲ್ಲ ಎಂದು ಅವಳೇ ತೀರ್ಮಾನಿಸಿದ್ದಳು. ಹೊತ್ತುಹೊತ್ತಿಗೂ ಮೆತ್ತಗೆ ಬೇಯಿಸಿದ ಗಂಜಿ, ಜೊತೆಗೆ ಹಿಂಡಿ.

ಒಂದು ಮಳೆಗಾಲ ಮುಗಿಯುತ್ತಲೇ ಕೆಂಚ ಮೇವು ಬಿಟ್ಟ. ಹುಲ್ಲು ಕೊಟ್ಟರೆ ಅಗಿದು ಉಂಡೆ ಮಾಡಿ ಉಗುಳುತ್ತಿದ್ದ, ಗಂಜಿಯನ್ನೂ ಅರ್ಧ ಚೆಲ್ಲುತ್ತಿದ್ದ. ಪಕ್ಕೆಲುಬು ಎದ್ದು ಕಂಡವು. ದೃಷ್ಟಿ ತೆಗೆದರೂ ಗುಣ ಕಾಣಲಿಲ್ಲ. ಗಂಡ ಮಾಬ್ಲ ಅವನನ್ನು ಮಾರುತ್ತೇನೆಂದು ಹೊನ್ನಾವರದ ದಲಾಲಿಗೆ ಮಾತು ಕೊಟ್ಟೇಬಿಟ್ಟ.

"ನಾಡಿದ್ದು ಬತ್ತ. ಸಾಯೂಕಿಂತ ಮುಂಚೆ ಕೊಟ್ಬಿಡ್ವ."

"ಹಗ್ಗ ಮುಟ್ಟು, ಮತ್ತೆ ನೋಡು," ಎಂದವಳೇ ತಿಮ್ಮಿ ನೆಟ್ಟಗೆ ಹೋಗಿ, ಊಟಕ್ಕೆ ಏಳುತ್ತಿದ್ದ ದನದ ಡಾಕ್ಟರನ್ನೇ ಬಿಡದೆ ಮನೆಗೆ ಕರೆದುಕೊಂಡು ಬಂದಳು. ಅವರು ಕೆಂಚನ ನಾಲಿಗೆಯನ್ನು ಪಕ್ಕಕ್ಕೆ ಎಳೆದು ಟಾರ್ಚು ಬಿಟ್ಟರು.

"ಗಂಜಿ ಹಾಕ್ತೀಯಾ?"

"ಹೌದು ಒಡ್ಯಾ, ಹೊಟ್ಟೆತುಂಬ."

"ಅದೇ ತಪ್ಪಾಗಿದ್ದು. ಕುದುರೆ ಹಲ್ಲು ಬೆಳೀತಾನೇ ಇರ್ತದೆ, ಹುಲ್ಲು ಅಗಿದು ಸವೀಬೇಕು. ಗಂಜಿಗೆ ಹಲ್ಲಿನ ಕೆಲಸವೇ ಇಲ್ಲ. ನೋಡು, ಅಂಚು ಚೂರಿಯಾಗಿದೆ, ಕೆನ್ನೆ ಒಳಗೆಲ್ಲ ಹುಣ್ಣು."

ತಿಮ್ಮಿ ಅಕ್ಕರೆಯಿಂದ ಉಣಿಸಿದ್ದೇ ಅವನ ಬಾಯಿ ಕೊಯ್ದಿತ್ತು. ಆದರೆ ಅಳುತ್ತ ಕೂರುವ ಜಾಯಮಾನ ಅವಳದಲ್ಲ.

"ಈಗೆಂತ ಮಾಡೂದು?"

"ಅರ ಹಾಕಿ ಉಜ್ಜಬೇಕು. ಅಷ್ಟುದ್ದದ ಅರ ನನ್ನ ಹತ್ರ ಇಲ್ಲ."

ಅಷ್ಟೇ ತಾನೆ! ತಿಮ್ಮಿ ಸೀರೆ ಎತ್ತಿ ಕಟ್ಟಿ ದಂಡೆಗೆ ಓಡಿದಳು. ದೋಣಿ ರಿಪೇರಿಯ ಮಾಸ್ತಿಯನ್ನು ಉದ್ದನೆಯ ಅರದ ಸಮೇತ ಎಳೆದುಕೊಂಡೇ ಬಂದಳು. ಅರವನ್ನು ಕುದಿನೀರಲ್ಲಿ ತೊಳೆದದ್ದಾಯಿತು. ಮಾಸ್ತಿ ಹಗ್ಗ ಹಿಡಿದ, ತಿಮ್ಮಿ ಕೆಂಚನ ಕತ್ತು ತಬ್ಬಿ ಕಿವಿಯಲ್ಲಿ ಏನೇನೋ ಹೇಳುತ್ತ ನಿಂತಳು, ಡಾಕ್ಟರು ಕರ್ರಕರ್ರನೆ ಉಜ್ಜಿದರು. ಕೆಂಚ ಒದ್ದ ಏಟಿಗೆ ಮೀನುಬುಟ್ಟಿ ಬೇಲಿಯಾಚೆ ಹಾರಿತು. ಬೇಲಿಯಾಚೆ ಸೇರಿದ್ದ ಕೇರಿಯವರು ಬಿದ್ದು ಬಿದ್ದು ನಕ್ಕರು.

ದಲಾಲಿ ಹೇಳಿದ ದಿನವೇ ಬಂದ. ಅವನು ಗೂಟದ ಹಗ್ಗಕ್ಕೆ ಕೈ ಹಾಕುವಷ್ಟರಲ್ಲಿ ಕೆಂಚ ಒಣಹುಲ್ಲಿಗೆ ಬಾಯಿ ಹಾಕಿದ. ಅಗಿದ. ತಿಮ್ಮಿ ಬಗ್ಗಿ ನೆಲ ನೋಡಿದಳು. ಒಂದು ಎಸಳೂ ಬೀಳಲಿಲ್ಲ. ನುಂಗಿ, ಮತ್ತೊಂದು ತುತ್ತು ಎಳೆದುಕೊಂಡ.

ಮಾಬ್ಲ ದಲಾಲಿಯ ಕೈಯನ್ನು ಮೆಲ್ಲಗೆ ಹಗ್ಗದಿಂದ ಬಿಡಿಸಿದ.

"ನೀ ಹೋಗು ಮಾರಾಯಾ. ಉಣ್ತಾ ಇದ್ದವ್ರನ್ನ ನಮ್ಮನೇಲಿ ಎಬ್ಸೂದಿಲ್ಲ."