ಸುಂದರಾಬಾಯಿ ತೋಡಿದ ಅರ್ಥಿಂಗ್ ಕುಣಿ

ಸದಲಗಾ ಊರಿನ ಮನೆಗಳಲ್ಲಿ ಎಮ್ಮೆಗಳ ಹಾಲು ಕರೆಯುವ ಹೊತ್ತು. ಹೊಸ ಮನೆಯೊಂದರ ಹಿತ್ತಲಲ್ಲಿ ಆಳವಾದ ಕುಣಿ, ಅದರೊಳಗಿಂದ ಮೇಲೇರಿ ಬರುತ್ತಿರುವ ಮಣ್ಣಿನ ಬುಟ್ಟಿ. ಬಗ್ಗಿ ನೋಡಿದರೆ ತಲೆಗೆ ಟವೆಲ್ ಸುತ್ತಿಕೊಂಡ ಸುಂದರಾಬಾಯಿ ಕಾಂಬಳೆ. "ದೂರ ನಿಂದರ್ರಿ ಸಾಹೇಬ್ರ, ಅಂಚ ಕುಸೀತೈತಿ," ಎಂದು ಪತ್ರಿಕೆಗೆ ಬರೆಯಲು ಬಂದ ನಮ್ಮನ್ನೇ ಗದರುತ್ತಾರೆ. ಮೇ ತಿಂಗಳ ಬಿಸಿಲು ಏರುವುದರೊಳಗೆ ಅವರಿಗೆ ಕೆಲಸ ಮುಗಿಯಬೇಕು.

ಇದು ಅರ್ಥಿಂಗ್ ಕುಣಿ. ಮೋಟಾರು, ಗೀಸರುಗಳ ಲೋಹದ ಮೈಗೆ ಅಕಸ್ಮಾತ್ ಕರೆಂಟ್ ಹರಿದರೆ ಅದು ಮುಟ್ಟಿದವರ ಮೇಲೆ ಹಾಯದೆ ತಂತಿಯ ದಾರಿ ಹಿಡಿದು ನೆಲಕ್ಕಿಳಿಯಬೇಕು, ಫ್ಯೂಸು ಹಾರಿಹೋಗಬೇಕು. ಅದಕ್ಕಾಗಿ ಕುಣಿಯ ನಡುವೆ ಕಬ್ಬಿಣದ ಪೈಪು ನಿಲ್ಲಿಸಿ ಸುತ್ತಲೂ ಇದ್ದಲು ಒಂದು ಪದರ, ಉಪ್ಪು ಒಂದು ಪದರ ತುಂಬುತ್ತಾರೆ. ಹೊಸ ಮನೆ ನೋಡಲು ಬಂದವರೆಲ್ಲ ಗೋಡೆಯ ಸ್ವಿಚ್ಚುಗಳನ್ನು ಒತ್ತಿ ನೋಡಿ ಹೊಗಳುತ್ತಾರೆ. ಸುಂದರಾಬಾಯಿಯ ಕೆಲಸದ ಮೇಲೆ ಅಷ್ಟರಲ್ಲಿ ಮಣ್ಣು ಬಿದ್ದಿರುತ್ತದೆ.

ಮೊದಲು ಇವರದು ತಂಬಾಕಿನ ಹೊಲದಲ್ಲಿ ಕೂಲಿ. ಹೊಳೆಯ ಮಹಾಪೂರಕ್ಕೆ ಹಳೆಯ ಮನೆಗಳು ಬಿದ್ದ ನಂತರ ಊರಲ್ಲಿ ಸಿಮೆಂಟಿನ ಮನೆಗಳು ಏಳತೊಡಗಿದಾಗ ವೈರ್‌ಮನ್ ವಿರುಪಾಕ್ಷಪ್ಪ ಕುಣಿ ತೋಡಲು ಕರೆದರು. "ಉಪ್ಪಿನ ಚೀಲಾ ನೋಡಿ, ಉಪ್ಪಿನಕಾಯಿ ಹಾಕಾವ್ರೇನ್ರಿ ಅಂತ ಕೇಳಿದ್ನಿ," ಎಂದು ಸುಂದರಾಬಾಯಿ ನಗುತ್ತಾರೆ. ಗಂಡ ತೀರಿಕೊಂಡ ಮೇಲೆ ಇದೇ ಕೆಲಸ ಮನೆಯನ್ನು ನಡೆಸಿದೆ. ಅಂಗೈಯಲ್ಲಿ ಉಪ್ಪು ಕಚ್ಚಿದ ಬಿರುಕುಗಳಿವೆ. ವಿರುಪಾಕ್ಷಪ್ಪನವರದು ಮುಚ್ಚುಮರೆಯಿಲ್ಲದ ಮಾತು: "ಗ್ವಾಡಿ ಮ್ಯಾಲಿಂದು ನಂದು, ನೆಲದಾಗಿಂದು ಸುಂದರಾಬಾಯಾರ್ದು. ಅವರು ಬರೂದಿಲ್ಲಂದ್ರ ನಾ ಆ ಮನಿ ವೈರಿಂಗ ಹಿಡಿಯೂದಿಲ್ಲ."

ಕುಣಿ ಮುಚ್ಚಿದರೆ ಉಳಿದವರಿಗೆ ಕೆಲಸ ಮುಗಿದಂತೆ. ಇವರಿಗೆ ಹಾಗಲ್ಲ. ಮಣ್ಣು ಒಣಗಿದರೆ ಕರೆಂಟಿಗೆ ನೆಲದ ದಾರಿ ಸಿಗುವುದಿಲ್ಲ. ಅದಕ್ಕೇ ಬೇಸಿಗೆ ಬಂತೆಂದರೆ ತಾವು ತೋಡಿದ ಕುಣಿಗಳಿರುವ ಮನೆಮನೆಗೆ ಹೋಗಿ ನೆಲದ ಮೇಲೆ ಉಳಿದ ಪೈಪಿನ ಬಾಯಿಗೆ ನೀರು ಸುರಿದು ಬರುತ್ತಾರೆ. ಯಾರೂ ಕರೆದಿರುವುದಿಲ್ಲ. "ತುಳಸಿಗೆ ಒಂದ ತಂಬಗಿ ಹಾಕತೀರಿ, ಇದಕ್ಕೂ ಒಂದ ಹಾಕ್ರಿ," ಎಂದು ಹೆಂಗಸರಿಗೆ ಹೇಳುತ್ತಾರೆ. ಕೆಲವರು ಹಾಕುತ್ತಾರೆ, ಕೆಲವರು ಹೂಂ ಎಂದು ಮರೆಯುತ್ತಾರೆ.

ಕಬ್ಬು ಬೆಳೆಯುವ ದೊಡ್ಡ ಮನೆಯ ಕೆಂಚವ್ವನವರಿಗೆ ಒಮ್ಮೆ ತಮ್ಮ ಹಿತ್ತಲಲ್ಲಿ ಸುಂದರಾಬಾಯಿ ತೋಡಿದ್ದ ಕುಣಿ ಕಣ್ಣಿಗೆ ಚುಚ್ಚಿತು. ಹೋದ ವರ್ಷ ಮಗಳ ಮದುವೆಗೆಂದು ಹಿತ್ತಲಿಗೆಲ್ಲ ಫರಸಿ ಕಲ್ಲು ಹಾಕಿಸುತ್ತಿದ್ದರು. ಕುಣಿಯ ಪೈಪಿನ ಬಾಯಿಯನ್ನೂ ಮುಚ್ಚಿಬಿಡಲು ಗೌಂಡಿಗೆ ಹೇಳಿದರು. ನೀರು ಹಾಕಲು ಅದೇ ದಿನ ಬಂದ ಸುಂದರಾಬಾಯಿ ಅದನ್ನು ಕಂಡವರೇ ಕುಣಿಯ ಮೇಲೆ ಕೂತುಬಿಟ್ಟರು. ಜಪ್ಪಯ್ಯ ಅಂದರೂ ಏಳಲಿಲ್ಲ.

"ನಮ್ಮ ಹಿತ್ತಲಕ್ಕ ನೀ ಯಾರ ಹೇಳಾಕಿ?" ಎಂದು ಕೆಂಚವ್ವ ಸಿಡಿದರು.

"ಹಿತ್ತಲಾ ನಿಮ್ದ ಅವ್ವಾರ. ಕುಣಿ ನಂದ್ರಿ. ಇದನ್ನ ಮುಚ್ಚಿ ಆ ಮಷಿನ್ ಮುಟ್ಟಬ್ಯಾಡ್ರಿ."

ಮಷಿನ್ ಎಂದರೆ ಕೊಟ್ಟಿಗೆಯಲ್ಲಿ ಮೇವು ಕತ್ತರಿಸುವ ಕಡಬಾ ಕುಟ್ಟಿ ಮಷಿನ್. ದಿನಾ ಬೆಳಿಗ್ಗೆ ಅದಕ್ಕೆ ಮೇವು ಕೊಡುವವರು ಕೆಂಚವ್ವನವರೇ. ಕೊನೆಗೆ ಸೊಸೆ ಉಜ್ವಲಾ ನಡುವೆ ಬಂದು ಫರಸಿಯಲ್ಲಿ ಕೊಡ ಇಡುವಷ್ಟು ಜಾಗ ಬಿಡಿಸಿದಳು. ನೀರು ಹಾಕುವ ಕೆಲಸವನ್ನೂ ಅವಳೇ ವಹಿಸಿಕೊಂಡಳು. ಕೆಂಚವ್ವ ಮಾತ್ರ ಸುಂದರಾಬಾಯಿಯ ಜೊತೆ ಮಾತು ಬಿಟ್ಟರು.

ಮಳೆಗಾಲ ಬಂತು. ಫರಸಿಯ ಕೆಳಗೆ ಮಳೆನೀರು ಇಳಿಯದೆಂದು ಉಜ್ವಲಾ ಆಗಲೂ ಕುಣಿಗೆ ನೀರು ಹಾಕುತ್ತಲೇ ಇದ್ದಳು. ಒಂದು ಬೆಳಿಗ್ಗೆ ಒದ್ದೆ ನೆಲದ ಮೇಲೆ, ಒದ್ದೆ ಕೈಯಲ್ಲಿ ಕೆಂಚವ್ವ ಮೇವು ಕೊಡುತ್ತಿದ್ದಾಗ ಫಟ್ ಎಂದು ಸದ್ದಾಗಿ ಮಷಿನ್ ನಿಂತಿತು. ಮೈ ಜುಮ್ಮೆಂದಿತು, ಅಷ್ಟೇ. ವಿರುಪಾಕ್ಷಪ್ಪ ಮೋಟಾರು ಬಿಚ್ಚಿ ನೋಡಿದರೆ ಸುರುಳಿಯ ತಂತಿ ಸುಟ್ಟು ಕಬ್ಬಿಣದ ಮೈಗೆ ತಾಗಿತ್ತು. "ಅರ್ಥಿಂಗ್ ಹಸಿ ಇತ್ತು, ಫ್ಯೂಜ್ ಹಾರ್ತು. ಇಲ್ಲಂದ್ರ ನಾನು ಈ ಮನಿಗೆ ಬ್ಯಾರೆ ಕೆಲಸಕ್ಕ ಬರಬೇಕಾಗಿತ್ತು," ಎಂದರಂತೆ.

ಅವತ್ತು ಸಂಜೆಯೇ ಕೆಂಚವ್ವ ಸುಂದರಾಬಾಯಿಯ ಓಣಿಗೆ ನಡೆದು ಹೋದರು. ಅಷ್ಟು ವರ್ಷಗಳಲ್ಲಿ ಆ ಓಣಿಗೆ ಅವರು ಕಾಲಿಟ್ಟದ್ದು ಅದೇ ಮೊದಲು. ಅಲ್ಲಿ ಏನಾಯಿತು ಎಂದು ಕೇಳಿದರೆ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾರೆ. "ಆಕಿ ಕಟ್ಟಿ ಮ್ಯಾಲ ಕುಂತ, ಆಕಿ ಮಾಡಿದ ಚಾ ಕುಡದ ಬಂದ್ನಿ. ಇಷ್ಟ ದಿನಾ ಯಾಕ ಕುಡದಿರಲಿಲ್ಲೋ!" ಈಗ ಕುಣಿಗೆ ನೀರು ಹಾಕುವ ಕೆಲಸವನ್ನು ಅವರು ಸೊಸೆಗೆ ಬಿಟ್ಟುಕೊಡುವುದಿಲ್ಲ.

ಈ ಊರಿನ ಎಷ್ಟೋ ಮನೆಗಳಲ್ಲಿ ಮಕ್ಕಳು ಒದ್ದೆ ಕೈಯಲ್ಲಿ ಏನೇನೋ ಮುಟ್ಟಿಯೂ ನಗುನಗುತ್ತ ಶಾಲೆಗೆ ಹೋಗುತ್ತಿವೆ. ಅದಕ್ಕೆ ಯಾರಿಗೆ ಕೈಮುಗಿಯಬೇಕೆಂದು ಅವುಗಳಿಗೆ ಗೊತ್ತಿಲ್ಲ. ನಮಗೆ ಗೊತ್ತಾಗಿದೆ, ಕೈಮುಗಿದಿದ್ದೇವೆ.

ಹೊರಡುವ ಮುನ್ನ ಸುಂದರಾಬಾಯಿಯ ಫೋಟೊ ತೆಗೆಯಲು ಹೋದರೆ ಮಣ್ಣಿನ ಕೈಯನ್ನೇ ಅಡ್ಡ ಹಿಡಿದರು.

"ನಮ್ಮ ಕೆಲಸಾ ಚೊಲೋ ಆದ್ರ ಪೇಪರದಾಗ ಬರೂದಿಲ್ರಿ. ಕೆಟ್ಟಾಗ ಬರತೈತಿ, ಕರೆಂಟ್ ಹೊಡದ ಸತ್ತವರ ಫೋಟೊ ಹಾಕತೀರಿ. ಈ ಸಲ ಕೆಂಚವ್ವಾರ ಫೋಟೊ ಹಾಕ್ರಿ. ಜೀವಂತ ಅದಾರಲ್ಲ, ಅದನ್ನ ಬರೀರಿ."