ಟವೆಲಿನ ಕೆಳಗಿನ ಬೆಲೆ

ಆ ಚಿತ್ರದಲ್ಲಿ ಕೆಂಪಿನ ಮೇಲೆ ಎರಡು ಕಪ್ಪು ಗೆರೆಗಳಿದ್ದವೋ ಮೂರೋ, ಈಗ ಆಣೆ ಮಾಡಿ ಹೇಳಲಾರೆ. ಕುರಿ ದಲ್ಲಾಳಿಯ ಹೆಗಲ ಮೇಲಿದ್ದ ಹಸಿರು ಟವೆಲ್ ಚೆನ್ನಾಗಿ ನೆನಪಿದೆ. ಅದು ನೀಲಿ ಎಂದು ಅಂದು ಜೊತೆಗಿದ್ದ ನನ್ನ ಹೆಂಡತಿ ವಾದಿಸುತ್ತಾಳೆ.

ದಲ್ಲಾಳಿ ಬರಗೂರಿನ ಕಡೆಯವರು. ಶಿರಾ ಸಂತೆಯಲ್ಲಿ ಟವೆಲಿನ ಕೆಳಗೆ ಎದುರಿನವರ ಬೆರಳು ಹಿಡಿದು, ಯಾರಿಗೂ ಕಾಣದಂತೆ ಕುರಿಗಳ ಬೆಲೆ ಕುದುರಿಸುತ್ತಿದ್ದರು. ಯಾರಾದರೂ ಹೆಚ್ಚು ಹರಟಿದರೆ, "ಮಾತಾಡೋನು ಕೊಳ್ಳಲ್ಲ, ಕೊಳ್ಳೋನು ಮಾತಾಡಲ್ಲ" ಎಂದು ಮೀಸೆ ಒರೆಸಿಕೊಳ್ಳುತ್ತಿದ್ದರು.

ನಮ್ಮ ಡ್ರಾಯಿಂಗ್ ಮೇಷ್ಟ್ರು ಶಾಲೆಯ ಹಾಲಿನಲ್ಲಿ ತಮ್ಮ ಚಿತ್ರಗಳನ್ನು ಮೊದಲ ಸಲ ಮಾರಾಟಕ್ಕಿಟ್ಟಿದ್ದರು. ಕೊನೆಯ ದಿನದವರೆಗೂ ಒಂದೂ ಹೋಗಿರಲಿಲ್ಲ. ಆ ಕೆಂಪು ಚಿತ್ರದ ಮುಂದಂತೂ ಜನ ನಿಂತು ನಗುತ್ತಿದ್ದರು.

"ಹತ್ತು ಸಾವಿರವಂತೆ ಕಣ್ಲಾ! ಒಳ್ಳೆ ಟಗರೇ ಬತ್ತದೆ."

"ನಮ್ಮೆಮ್ಮೆ ಬಾಲಕ್ಕೆ ಬಣ್ಣ ಹಚ್ಬುಟ್ರೆ ಇದ್ರಪ್ಪನಂಗೆ ಬರೀತದೆ ಬುಡು."

ಮೇಷ್ಟ್ರು ಮುಖ ತಗ್ಗಿಸಿ ಚಿತ್ರವನ್ನು ಗೋಡೆಯಿಂದ ಇಳಿಸಲು ಎದ್ದರು. ಆಗ ದಲ್ಲಾಳಿ ಮುಂದೆ ಬಂದು, ಅವರ ಕೈಯ ಮೇಲೆ ಟವೆಲ್ ಹಾಕಿ, ಬೆರಳು ಹಿಡಿದರು. ಜನ ಕತ್ತು ಚಾಚಿದರು. ಮೇಷ್ಟ್ರು ತಲೆಯಾಡಿಸಿದರು. ವ್ಯಾಪಾರ ಮುಗಿಯಿತು.

"ಎಷ್ಟಕ್ಕಣ್ಣಾ?" ಎಂದು ಎಮ್ಮೆ ಬಾಲದ ಮಾತಾಡಿದವನೇ ಮೊದಲು ಕೇಳಿದ. ದಲ್ಲಾಳಿ ಮೀಸೆ ಒರೆಸಿಕೊಂಡರು. ನಕ್ಕವರೆಲ್ಲ ಚಿತ್ರದ ಹತ್ತಿರ ಹೋಗಿ, ಕಣ್ಣು ಕಿರಿದು ಮಾಡಿ ನೋಡತೊಡಗಿದರು. ಕೆಲವರು ಐನೂರೆಂದರು, ಕೆಲವರು ಐವತ್ತು ಸಾವಿರವೆಂದರು.

ಮೊನ್ನೆ, ಟವೆಲಿನ ಕೆಳಗೆ ಎಷ್ಟಕ್ಕೆ ಒಪ್ಪಿದಿರೆಂದು ಮೇಷ್ಟ್ರನ್ನೇ ಕೇಳಿ ಒಂದು ವಿಷಯ ಖಚಿತಪಡಿಸಿಕೊಂಡೆ. "ಆ ಬೆರಳಿನ ಲೆಕ್ಕ ನಂಗೆಲ್ಲಿ ಬರ್ತದೆ?" ಎಂದು ನಕ್ಕರು. "ಒಬ್ರಾದ್ರೂ ಕೇಳಿದ್ರಲ್ಲ ಅನ್ನೋ ಖುಷೀಲಿ ತಲೆಯಾಡಿಸ್ಬುಟ್ಟೆ."